ಗುಂಡನಿಗೂ ಮಸಿಗೂ ಒಂದೇ ಹುಲ್ಲು

ಮನೆಯ ಹಿಂದಿನ ನನ್ನ ಶೆಡ್ಡು
ತಾರೀಖು ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಕೆಮ್ಮು ಹೋಯಿತೋ, ಇನ್ನೂ ಹಾಸ್ಟೆಲಿನ ಗೋಡೆ ನಡುಗಿಸುತ್ತಿದ್ದೀಯೋ? ನರ್ಸ್ ಆಗಲು ಹೋದವಳೇ ಕೆಮ್ಮುತ್ತಾ ಕೂತರೆ ರೋಗಿಗಳು ಯಾರ ಮುಖ ನೋಡಬೇಕು? ಬಿಸಿನೀರು ಕುಡಿ. ಕಿಟಕಿ ಪಕ್ಕದ ಮಂಚ ಬೇಡ, ಬದಲಾಯಿಸಿಕೋ ಎಂದು ಮೂರು ಸಲ ಹೇಳಿದ್ದೇನೆ, ನೀನು ಕೇಳಿರುವುದಿಲ್ಲ. ನನ್ನ ಮಂಡಿನೋವು ಹಾಗೇ ಇದೆ. ನಿನ್ನ ಅಮ್ಮ ಅಪ್ಪ ಚೆನ್ನಾಗಿದ್ದಾರೆ. ನಿನ್ನ ತಾತ, ನನ್ನ ಬೀಗರು ಮೇಷ್ಟ್ರೂ ಚೆನ್ನಾಗಿದ್ದಾರೆ. ಅದನ್ನು ನಾನು ಬರೆಯಬೇಕಾಗಿಲ್ಲ, ಅವರೇ ನಾಲ್ಕು ಪುಟ ಬರೆದಿರುತ್ತಾರೆ, ಅಂಚು ಬಿಟ್ಟು, ಸಾಲು ನೆಟ್ಟಗೆ.

ಮೊದಲು ಒಂದು ಮಾತು ಕೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ಬರೆಯಲು ಆಗುವುದಿಲ್ಲ. ಮೊಲಗಳ ಊಟದ ಪತ್ರವನ್ನು ನೀನು ತಾತನ ಹೆಸರಿಗೆ ಯಾಕೆ ಹಾಕಿದೆ? ಈಗ ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಅಂಚೆಯವನು ಅದನ್ನು ನನ್ನ ಕೈಗೇ ಕೊಟ್ಟ. ನನ್ನ ಕೈಯಾರೆ ನಾನು ಮೇಷ್ಟ್ರಿಗೆ ಒಪ್ಪಿಸಿದೆ. ಅವರು ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, ಮನೆಯವರಿಗೆಲ್ಲ ಕೇಳುವ ಹಾಗೆ ಓದಿದರು: "ಅಜ್ಜನಿಗೆ ಓದೋದು ಕಷ್ಟ, ತಾತ, ನೀವೇ ಓದಿ ಹೇಳಿ." ನಿನ್ನಮ್ಮ ಒಲೆಯ ಕಡೆ ತಿರುಗಿ ನಿಂತಳು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ನಾನು, ಒಪ್ಪಿದೆ. ಆದರೆ ನಿನ್ನ ತೊಟ್ಟಿಲಿನ ಹಲಗೆಯ ಮೇಲೆ ನಿನ್ನ ಹೆಸರನ್ನು ಉಳಿ ಹಿಡಿದು ಕೆತ್ತಿದವನೂ ನಾನೇ. ಅದರಲ್ಲಿ ಒಂದು ಅಕ್ಷರ ತಪ್ಪಿದ್ದರೆ ಬಂದು ತೋರಿಸು.

ತಪ್ಪು ನಿನ್ನದೇ. ಹೋಗುವಾಗ "ಜಗಳ ಬೇಡ, ಒಬ್ಬೊಬ್ಬರಿಗೆ ಒಂದೊಂದು" ಎಂದು ಬಿಳಿ ಗುಂಡನನ್ನು ನನಗೆ ಕೊಟ್ಟೆ, ಒಂದು ಕಿವಿಯನ್ನು ಶಾಯಿಯಲ್ಲಿ ಅದ್ದಿ ತೆಗೆದಂತಿರುವ ಮಸಿಯನ್ನು ಅವರಿಗೆ ಕೊಟ್ಟೆ. ಅವರವರ ಮನೆಯಲ್ಲಿ ಅವರವರ ಮೊಲ ಇರುವವರೆಗೆ ತಂಟೆ ಇರಲಿಲ್ಲ. ಅವರ ಮನೆಯ ಸೂರು ಸೋರಿ, ರಿಪೇರಿ ಮುಗಿಯುವವರೆಗೆ ಎಂದು ಮಸಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಮಗನ ಮನೆಗೆ, ಅಂದರೆ ನಾನಿರುವ ಈ ಮನೆಗೇ ಬಂದರಲ್ಲ, ಅಲ್ಲಿಂದ ಶುರು. ಗುಂಡನಿಗೆ ನಾನು ಕ್ಯಾರೆಟ್ಟು, ಬಾಳೆಹಣ್ಣು, ನನ್ನ ಚಹಾದ ಬಿಸ್ಕತ್ತಿನಲ್ಲಿ ಅರ್ಧ ಕೊಡುತ್ತಿದ್ದೆ. ಮಸಿಗೆ ಅವರು ಪ್ಯಾಕೆಟ್ಟಿನ ಬಣ್ಣಬಣ್ಣದ ಕಾಳು, ಅದೂ ಅಳತೆ ಹಾಕಿ, ಶಾಲೆಯ ಗಂಟೆ ಹೊಡೆದ ಹಾಗೆ ಎರಡು ಹೊತ್ತು. ಪ್ರಾಣಿ ಡಾಕ್ಟರಮ್ಮ ಎರಡನ್ನೂ ಎತ್ತಿ ನೋಡಿ, ಒಂದರ ಹಲ್ಲು ಬೆಳೆದು ಹೊಟ್ಟೆ ಜೋತಿದೆ, ಇನ್ನೊಂದು ಹಳದಿ ಕಾಳು ಮಾತ್ರ ಆರಿಸಿ ತಿಂದು ಸೊರಗಿದೆ, ಇಬ್ಬರೂ ಸೇರಿ ಚೆನ್ನಾಗಿ ಕೆಡಿಸಿದ್ದೀರಿ ಎಂದರು. ನನಗೆ ಬೈದದ್ದಕ್ಕೆ ಬೇಜಾರಿಲ್ಲ, ಮೇಷ್ಟ್ರಿಗೂ ಬೈದರಲ್ಲ, ಆವತ್ತು ನಾನು ಎರಡು ತುತ್ತು ಹೆಚ್ಚು ಉಂಡೆ. ಇನ್ನು ಮೇಲೆ ಎರಡಕ್ಕೂ ಒಂದೇ ಊಟ: ಬೇಕಾದಷ್ಟು ಒಣಹುಲ್ಲು, ಒಂದು ಹಿಡಿ ಸೊಪ್ಪು, ಒಂದು ಚಮಚ ಬಣ್ಣವಿಲ್ಲದ ಕಾಳು. ಒಮ್ಮೆಲೇ ಬದಲಾಯಿಸಿದರೆ ಮೊಲದ ಹೊಟ್ಟೆ ಕೆಲಸ ಮಾಡುವುದೇ ನಿಂತುಹೋಗುತ್ತದೆ, ಮೂರು ವಾರ ಹಿಡಿದು ಹಳೆಯದನ್ನು ಇಳಿಸಿ ಹೊಸದನ್ನು ಏರಿಸಬೇಕು. ನೀನೂ ಪತ್ರದಲ್ಲಿ ಅದನ್ನೇ ಬರೆದಿದ್ದೆ.

ಸರಿ, ಗೂಡು ಯಾರು ಮಾಡಬೇಕು? ನಾನು. ಅಕ್ಕಪಕ್ಕ ಎರಡು ಮನೆ, ನಡುವೆ ತಂತಿಬಲೆ, ಎರಡೂ ಕಡೆಯಿಂದ ಬಾಯಿ ಹಾಕುವ ಹಾಗೆ ಒಂದೇ ಗೋದಲಿ. ಎಲ್ಲ ಅಂಚನ್ನೂ ರಂದದಿಂದ ಹೆರೆದು ನುಣುಪು ಮಾಡಿದೆ, ಒಂದು ಮೊಳೆಯ ತಲೆ ಹೊರಗಿಲ್ಲ. ಎರಡು ದಿನದ ಕೆಲಸ. ಮೇಷ್ಟ್ರು ಮಾಡಿದ್ದು ಒಂದು ಕಾಗದ. ಅಡುಗೆಮನೆ ಗೋಡೆಗೆ ಅಂಟಿಸಿದರು, ಒಂದು ಕಡೆ ಗುಂಡ, ಒಂದು ಕಡೆ ಮಸಿ, ದಿನಾ ಎಷ್ಟು ಹುಲ್ಲು ತಿಂದವು ನೋಡಿ ಹತ್ತಕ್ಕೆ ಇಷ್ಟು ಎಂದು ಕೆಂಪು ಪೆನ್ನಿನಲ್ಲಿ ಮಾರ್ಕು. ಮನೆಗೆ ಬಂದವರೆಲ್ಲ ನೋಡಿದ್ದು ಕಾಗದವನ್ನೇ. ನಿನಗೆ ಗೊತ್ತಲ್ಲ ಆ ಪೆನ್ನು. ಈ ಮನೆಯಿಂದ ಹೊರಡುವ ಅಕ್ಷರವೆಲ್ಲ ಅದರ ಕೆಳಗೆ ಹಾದು ಹೋಗಬೇಕು. ಹಾಲಿನವನಿಗೆ ನಾನು ಬರೆದಿಟ್ಟ ಚೀಟಿಯನ್ನೂ ತಿದ್ದಿದ್ದರು. ಅದಕ್ಕೇ ಇದನ್ನು ಶೆಡ್ಡಿನಲ್ಲಿ, ಹಲಗೆಗಳ ಹಿಂದೆ ಕೂತು ಬರೆಯುತ್ತಿದ್ದೇನೆ. ನಾನೇ ಕವರು ಅಂಟಿಸಿ, ನಾನೇ ಡಬ್ಬಿಗೆ ಹಾಕುತ್ತೇನೆ.

ಮಸಿಗೆ ಏಳು, ಎಂಟು, ಒಂಬತ್ತು. ಗುಂಡನಿಗೆ ಎರಡು, ಎರಡು, ಮೂರು. ನನ್ನ ಮೊಲ ಗೋದಲಿಗೆ ಬೆನ್ನು ಹಾಕಿ ಕೂರುತ್ತಿತ್ತು. "ಅಪ್ಪಾ, ಥೇಟ್ ನಿನ್ನ ಹಾಗೇ" ಎಂದು ನಿನ್ನಮ್ಮ ನಕ್ಕಳು. ಅದೂ ಹೋಗಲಿ ಎಂದುಕೊಂಡೆ. ಆದರೆ ಹತ್ತು ದಿನ ಆಗುವಷ್ಟರಲ್ಲಿ ಗುಂಡ, ನನ್ನ ಗುಂಡ, ಮೇಷ್ಟ್ರ ಚಪ್ಪಲಿ ಸದ್ದಿಗೆ ಕಿವಿ ನಿಮಿರಿಸಿ ಓಡತೊಡಗಿತು. ಅವರು ಎರಡು ಎಳೆ ಕೊತ್ತಂಬರಿ ಹಿಡಿದು "ಬಾರೋ ದಡ್ಡ" ಅಂದರೆ ಸಾಕು. ನಾನು ಬರಿಗೈಯಲ್ಲಿ ಕರೆದರೆ ಮೂತಿ ತಿರುಗಿಸುತ್ತದೆ. ಹೊಟ್ಟೆಕಿಚ್ಚೇ ಎಂದು ನೀನು ಕೇಳುತ್ತೀಯ. ಹೌದು ಕಣೇ, ಹೊಟ್ಟೆಕಿಚ್ಚೇ. ಮಗಳ ಮಾವ, ಓದಿದವರು, ನಿನ್ನ ಪತ್ರ ಅವರಿಗೆ, ನನ್ನ ಮೊಲವೂ ಅವರಿಗೆ. ನನಗೆ ಉಳಿದದ್ದು ಹಿಕ್ಕೆ ಗುಡಿಸುವ ಕೆಲಸ.

ಇನ್ನು ಕೆಟ್ಟ ಸುದ್ದಿ. ಹೆದರಬೇಡ, ಕೊನೆಗೆ ಒಳ್ಳೆಯದೇ ಆಯಿತು. ಹೋದ ಸೋಮವಾರ ಬೆಳಗ್ಗೆ ಮಸಿ ಹುಲ್ಲು ಮುಟ್ಟಲಿಲ್ಲ. ನೀರೂ ಇಲ್ಲ, ಹಿಕ್ಕೆಯೂ ಇಲ್ಲ. ಮೂಲೆಯಲ್ಲಿ ಮುದ್ದೆಯಾಗಿ ಕೂತು ಹಲ್ಲು ಕಡಿಯುತ್ತಿತ್ತು. ಮೇಷ್ಟ್ರು ಅಂಗಿಯ ಗುಂಡಿ ಹಾಕುವುದನ್ನೂ ಮರೆತು ಬೀದಿಗೆ ಓಡಿ ಆಟೋ ತಂದರು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, "ಬೇರೆ ಏನಾದ್ರೂ ತಿಂದಿತ್ತಾ?" ಎಂದು ಕೇಳಿದರು. ಮೇಷ್ಟ್ರು ತಕ್ಷಣ ಹೇಳಿದರು: "ಇಲ್ಲಮ್ಮ, ನಮ್ಮನೇಲಿ ಅಂಥೋರು ಯಾರೂ ಇಲ್ಲ." ಎರಡು ದಿನ ಸೂಜಿಮದ್ದು, ಎರಡು ಗಂಟೆಗೊಮ್ಮೆ ಬಾಯಿಗೆ ಪಿಚಕಾರಿಯಲ್ಲಿ ಗಂಜಿಯಂಥ ಔಷಧಿ. ಅವರು ಎರಡು ಸಲ ಪಿಚಕಾರಿ ಕೆಳಗೆ ಬೀಳಿಸಿದರು, ಹಾಗಾಗಿ ಹಿಡಿದು ಕುಡಿಸಿದವನು ನಾನು. ಅಂಗೈಯಲ್ಲಿ ಅದರ ಎದೆ ಹೊಡೆದುಕೊಳ್ಳುವುದು ನನ್ನ ಮೊಣಕೈವರೆಗೂ ಬಡಿಯುತ್ತಿತ್ತು. ಬುಧವಾರ ಬೆಳಗ್ಗೆ ಗೂಡಿನಲ್ಲಿ ನಾಲ್ಕು ಹಿಕ್ಕೆ ಕಂಡು ಇಬ್ಬರು ಮುದುಕರೂ ಮಕ್ಕಳ ಹಾಗೆ ಕೂಗಿಕೊಂಡೆವು. ಈಗ ಹುಲ್ಲು ತಿನ್ನುತ್ತಿದೆ, ಗುಂಡನೂ ತಿನ್ನುತ್ತಿದೆ, ಎರಡೂ ಒಂದೇ ಗೋದಲಿಗೆ ಎರಡು ಕಡೆಯಿಂದ ಮೂತಿ ಹಾಕಿವೆ. ಒಂದೇ ಎಸಳಿನ ಎರಡು ತುದಿ ಹಿಡಿದು ಎಳೆದಾಡುವುದನ್ನು ನೀನು ನೋಡಬೇಕು.

ಆದರೆ ಮೇಷ್ಟ್ರು ಕಾಗದ ಕಿತ್ತು ಹರಿದುಹಾಕಿದರು. "ಮಾರ್ಕು ಬರ್ತಿದೆ ಅಂತ ಹುಲ್ಲು ಬೇಗ ಏರಿಸಿಬಿಟ್ಟೆ ಬೀಗರೇ. ಶಾಲೇಲೂ ಹೀಗೇ ಮಾಡ್ತಿದ್ದೆ, ಓದೋ ಹುಡುಗರನ್ನ ಓಡಿಸಿ ಓಡಿಸಿ ಸುಸ್ತು ಮಾಡ್ತಿದ್ದೆ" ಎಂದರು. ಅವರ ಮನೆಯ ಸೂರು ಸಿದ್ಧವಾಗಿದೆ, ಭಾನುವಾರ ಹೊರಡುತ್ತಾರೆ. ಮಸಿಯನ್ನು ಕರೆದೊಯ್ಯುವುದಿಲ್ಲವಂತೆ. "ಎರಡನ್ನೂ ನೀವೇ ಇಟ್ಕೊಳ್ಳಿ, ನಿಮ್ಮ ಕೈಯಲ್ಲಾದ್ರೆ ಬದುಕುತ್ತೆ" ಎಂದರು. ಒಂದು ತಿಂಗಳಿಂದ ನನಗೆ ಬೇಕಾಗಿದ್ದ ಮಾತು ಇದೇ. ಈಗ ಬಂದಿದೆ, ನಾನು ಎದ್ದು ಶೆಡ್ಡಿಗೆ ಬಂದುಬಿಟ್ಟೆ. ಮಸಿ ಅವರ ಕೋಣೆಯ ಬಾಗಿಲ ಕಡೆಗೇ ಮುಖ ಮಾಡಿ ಮಲಗುತ್ತದೆ.

ಚೆನ್ನಾಗಿ ಉಣ್ಣು, ಮಂಚ ಬದಲಾಯಿಸು, ದೊಡ್ಡ ನರ್ಸಮ್ಮನಿಗೆ ಎದುರು ಮಾತಾಡಬೇಡ, ಆ ಚಾಳಿ ನನ್ನಿಂದ ಬಂದದ್ದು. ನೂರು ಕಾಲ ಸುಖವಾಗಿರು ಮಗಳೇ. ಮುಂದಿನ ಪತ್ರ ನನ್ನ ಹೆಸರಿಗೆ ಬರೆ. ನಿಧಾನವಾಗಿಯಾದರೂ ಓದುತ್ತೇನೆ.

ನಿನ್ನ ತೊಟ್ಟಿಲು ಮಾಡಿದ,
ಅಜ್ಜ

ತಾ.ಕ.: ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಮಸಿ ಹುಲ್ಲು ಬಿಟ್ಟ ಹಿಂದಿನ ದಿನ, ಭಾನುವಾರ ಸಂಜೆ, ಮೇಷ್ಟ್ರು ತಿರುಗಾಡಲು ಹೋದಾಗ ಮಸಿಗೆ ಒಂದು ಇಡೀ ಬಾಳೆಹಣ್ಣು, ಮೂರು ಬಿಸ್ಕತ್ತು ತಿನ್ನಿಸಿದವನು ನಾನು. ಮಾರನೆಯ ದಿನ ಹುಲ್ಲು ಬೇಡವಾಗಿ ಅದರ ಮಾರ್ಕು ಇಳಿಯಲಿ ಅಂತ, ಅಷ್ಟೇ. ಡಾಕ್ಟರಮ್ಮ ಕೇಳಿದಾಗ ಬುಟ್ಟಿ ಹಿಡಿದು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಆಮೇಲೆ ಹೇಳಲು ಎರಡು ಸಲ ಅವರ ಕೋಣೆಗೆ ಹೋದೆ. ಒಂದು ಸಲ ಮಂಚದ ಕಾಲು ಅಲ್ಲಾಡಿಸಿ ನೋಡಿ ಬಂದೆ, ಇನ್ನೊಂದು ಸಲ ನೀರು ಬೇಕೇ ಎಂದು ಕೇಳಿ ಬಂದೆ. ಅವರ ಮನೆಗೆಂದು ಇನ್ನೊಂದು ಗೋದಲಿ ಮಾಡಿಟ್ಟಿದ್ದೇನೆ, ಮಸಿ ಅವರ ಜೊತೆಯೇ ಹೋಗಬೇಕು. ಅದಕ್ಕೇ ಕವರು ಅಂಟಿಸುವುದಿಲ್ಲ. ಈಗಲೇ ಒಳಗೆ ಹೋಗಿ, ಕಾಗುಣಿತ ನೋಡಿಕೊಡಿ ಮೇಷ್ಟ್ರೇ ಎಂದು ಇದನ್ನು ಅವರ ಕೈಗೇ ಕೊಡುತ್ತೇನೆ. ಈ ಸಾಲಿನವರೆಗೂ ಕೆಂಪು ಗುರುತು ಬಂದಿದ್ದರೆ, ಅವರು ಪೂರ್ತಿ ಓದಿದರು ಎಂದು ತಿಳಿದುಕೋ.