ಹೊಸಬರನ್ನು ಮೂದಲಿಸಕೂಡದು

ಮಾರ್ಚ್ 3, ಭಾನುವಾರ

ಪಾರೋ ಕಣಿವೆಯಲ್ಲಿ ಬೆಳಗ್ಗೆಯಿಂದ ಗಾಳಿ. ಆದರೂ ಬಿಲ್ಲುಗಾರಿಕೆಯ ಅಭ್ಯಾಸ ನಡೆಸಿದೆವು. ಮತ್ತಿಬ್ಬರು ಹೊಸಬರು ಕ್ಲಬ್ ಬಿಟ್ಟರು. ಕಾರಣ ಗೊತ್ತೇ ಇದೆ — ಗ್ಯೆಂಬೋ ಮುದುಕನ ನಾಲಿಗೆ. ಬಾಣ ಬಿಡುವವನನ್ನು ಗುರಿಹಲಗೆಯ ಪಕ್ಕ ನಿಂತು ಮೂದಲಿಸುವುದು ನಮ್ಮ ಆಟದ ಪದ್ಧತಿ, ಒಪ್ಪಿದೆ. ಹಾಗಂತ ನಿನ್ನೆ ಮೊನ್ನೆ ಬಿಲ್ಲು ಹಿಡಿದವರನ್ನಾದರೂ ಬಿಡಬಾರದೇ? ಉಳಿದವರೆಲ್ಲ ತಲೆ ನರೆತವರು. ಹೀಗೇ ಆದರೆ ಈ ಬಯಲಲ್ಲಿ ದನ ಮೇಯುತ್ತವೆ.

ಕ್ಯಾಪ್ಟನ್ ನಾನು. ಅಪ್ಪಣೆ ಹೊರಡಿಸಿದೆ — ಹೊಸಬರನ್ನು ಯಾರೂ ಮೂದಲಿಸಕೂಡದು.

ಮಾರ್ಚ್ 10

ಯೂದೆನ್ ಸೇರಿದಳು. ಆಸ್ಪತ್ರೆಯ ನರ್ಸ್. ಹೋದ ವರ್ಷದವರೆಗೆ ಪಂದ್ಯಗಳಲ್ಲಿ ಬಯಲಂಚಿಗೆ ನಿಂತು ನಮ್ಮ ಪರ ಹಾಡಿ ಕುಣಿದವಳು. ಅವಳ ಕೊಂಕುಮಾತಿಗೆ ಎದುರಾಳಿಗಳ ಗುರಿ ತಪ್ಪುತ್ತಿತ್ತು. ಈಗ ಬಿಲ್ಲೇ ಬೇಕಂತೆ. ಹೆಂಗಸು ಬಿಲ್ಲು ಮುಟ್ಟಿದರೆ ಅಪಶಕುನ ಎನ್ನುತ್ತಿದ್ದ ಕಾಲ ಹೋಯಿತು, ಆದರೂ ನಮ್ಮಲ್ಲಿ ಇವಳೇ ಮೊದಲು. ಗೆಳತಿಯರು ಬೇಲಿಯಾಚೆ ನಿಂತು ನೋಡುತ್ತಿದ್ದರು. ಇವಳು ಉಳಿದರೆ ಅವರೂ ಬರುತ್ತಾರೆ.

ಮಾರ್ಚ್ 24

ಎಂಥ ಹಟ ಇವಳದು... ಬೆರಳು ಸುಲಿದಿದೆ, ಪಟ್ಟಿ ಕಟ್ಟಿಕೊಂಡು ಎಳೆಯುತ್ತಾಳೆ. ಬಾಣ ಹಲಗೆಯ ಹತ್ತಿರಕ್ಕೂ ಹೋಗಿಲ್ಲ, ಬಿಡುವುದನ್ನು ಬಿಟ್ಟಿಲ್ಲ. ಮೆಚ್ಚಿದೆ. ಗ್ಯೆಂಬೋ ಬಾಯಿತುಂಬ ಎಲೆಅಡಿಕೆ ತುರುಕಿಕೊಂಡು ತೆಪ್ಪಗೆ ಕೂತಿದ್ದ. ಅಪ್ಪಣೆ ಫಲ ಕೊಡುತ್ತಿದೆ ಎಂದು ಒಳಗೊಳಗೇ ಬೀಗಿದೆ.

ಏಪ್ರಿಲ್ 14

ಎರಡು ವಾರದಿಂದ ಯೂದೆನ್ ನಾಪತ್ತೆ. ಆಸ್ಪತ್ರೆಗೇ ಹೋದೆ. ಬಿಲ್ಲು ಭಾರವಾಯಿತೇ ಎಂದು ಕೇಳಿದೆ. ಮುಖ ಗಂಟಿಕ್ಕಿದಳು.

"ಗ್ಯೆಂಬೋ ಮಾವ ಬೀದಿನಾಯೀನೂ ಬಿಡಲ್ಲ, ನನ್ನೊಬ್ಬಳನ್ನ ಬಿಟ್ಟಿದಾರೆ. ನಾನೇನು ಲೆಕ್ಕಕ್ಕಿಲ್ವಾ ಅಣ್ಣ? ಬಯ್ಯೋಕೂ ಲಾಯಕ್ಕಿಲ್ದೋಳು ಆಟದಲ್ಲಿ ಯಾಕಿರಬೇಕು?"

ಉಳಿಸಿಕೊಳ್ಳಲು ಹೋಗಿ ಇದ್ದೊಬ್ಬಳನ್ನೂ ಓಡಿಸಿದ್ದೆ. ಅಪ್ಪಣೆ ನನ್ನದೇ ಎಂದೆ. ಹಾಗಾದರೆ ವಾಪಸ್ ತಗೊಳ್ಳಿ ಅಂದಳು. ಬರುತ್ತೇನೆ ಅನ್ನಲಿಲ್ಲ.

ಏಪ್ರಿಲ್ 21, ಮಧ್ಯಾಹ್ನ

ಬಯಲಲ್ಲೇ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆಯೇ ಎಲ್ಲರೆದುರು ಅಪ್ಪಣೆ ವಾಪಸ್ ತಗೊಂಡೆ. ಯೂದೆನ್ ಬಂದಳು! ಅವಳು ಬಿಲ್ಲೆತ್ತಿದ್ದೇ ತಡ, ಗ್ಯೆಂಬೋ ಎಲೆಅಡಿಕೆ ಉಗಿದು ಹಲಗೆಯ ಪಕ್ಕ ಹೋಗಿ ಉದ್ದಕ್ಕೆ ಮಲಗಿದ.

"ನರ್ಸಮ್ಮಾ, ನಾನೊಂದು ನಿದ್ದೆ ತೆಗೀತೀನಿ ಕಣೇ. ನಿನ್ನ ಬಾಣ ಇಲ್ಲೀತನಕ ಬಂದ್ರೆ ಎಬ್ಬಿಸು."

ಬಾಣ ಬಂತು. ಹಲಗೆಗೆ ತಾಗಲಿಲ್ಲ, ಪಕ್ಕದ ಮಣ್ಣಿಗೆ ನಾಟಿತು. ಮುದುಕ ಎದ್ದೋಡಿದ ಓಟ ನೋಡಬೇಕಿತ್ತು.

"ಆಸ್ಪತ್ರೇಲಿ ಸೂಜಿ ಕಂಡ್ರೆ ಓಡ್ತೀರಿ, ಇಲ್ಲೂ ಓಡಿದ್ರಾ ಮಾವ?" ಎಂದು ಈ ತುದಿಯಿಂದ ಕೂಗಿದಳು.

ಎಲ್ಲರಿಗಿಂತ ಜೋರಾಗಿ ನಕ್ಕವನು ಗ್ಯೆಂಬೋ. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಗೆಳತಿಯರು ಬೇಲಿ ಹಾರಿ ಬಂದಿದ್ದಾರೆ. ಒಬ್ಬಳು ನನ್ನ ಬಿಲ್ಲಿಗೇ ಕೈ ಹಾಕಿದ್ದಾಳೆ, ಹೋಗಿ —