ಕರಡಿಗೆಯ ಕೆಳಗಿನ ಗಂಟು

ಕಂಪ್ಲಿ
೧೪-೧೧-೨೦೨೪

ಚಿ.ಸೌ. ಕಾವ್ಯಳಿಗೆ ಅಪ್ಪನ ಆಶೀರ್ವಾದಗಳು.

ಫೋನಿದ್ದೂ ಅಪ್ಪ ಕಾಗದ ಬರೆದನಲ್ಲ ಎಂದು ಸಂಡೂರಿನಲ್ಲಿ ನೀನೂ ಅಳಿಯಂದಿರೂ ನಗಬಹುದು. ತಡವಾಯಿತು, ಸಿಟ್ಟಾಗಬೇಡ. ಈಚೆಗೆ ನನ್ನ ನಾಲಿಗೆ ತೊದಲುತ್ತದೆ. ಫೋನಿನಲ್ಲಿ ಅದನ್ನು ಕೇಳಿ ನೀನು ಅತ್ತರೆ, ನಿನ್ನ ಆರೋಗ್ಯದ ಬಗ್ಗೆ ನಾನು ಹೇಳಬೇಕಾದ ಮಾತು ಹಾಗೇ ಉಳಿದುಬಿಡುತ್ತದೆ.

ಮೊದಲು ನನ್ನ ಸುದ್ದಿ. ನನಗೆ ಬಂದಿರುವುದು ಸ್ತನದ ಕ್ಯಾನ್ಸರ್. ಗಂಡಸಿಗೆ ಅದೆಂಥದ್ದು ಎನ್ನಬೇಡ, ನಾನೂ ಡಾಕ್ಟರಿಗೆ ಹಾಗೇ ಅಂದೆ. ಎರಡು ವರ್ಷದ ಹಿಂದೆ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಿತ್ತು. ಕೊರಳಿನ ಲಿಂಗದ ಕರಡಿಗೆ ಉಜ್ಜಿ ಉಜ್ಜಿ ಆಗಿದೆ ಅಂದುಕೊಂಡು ಶಿವದಾರ ಉದ್ದ ಮಾಡಿಸಿಕೊಂಡೆ. ಕರಡಿಗೆ ಹೊಟ್ಟೆಯ ಮೇಲೆ ಇಳಿಯಿತು, ಗಂಟು ಮಾತ್ರ ಇಳಿಯಲಿಲ್ಲ. ಹೋದ ವರ್ಷ ಕೊಬ್ಬಿನ ಗಡ್ಡೆ ತೆಗೆಸಿದೆ ಎಂದು ನಿನಗೆ ಹೇಳಿದ್ದು ಇದನ್ನೇ. ನಾಚಿಕೆಯಾಗಿತ್ತು ತಾಯಿ.

ಬಳ್ಳಾರಿಯ ಆಸ್ಪತ್ರೆಯಲ್ಲಿ ನರ್ಸ್ ಪ್ರತಿ ಸಲವೂ ನಿನ್ನವ್ವನನ್ನೇ, "ಬರ್ರಿ ಅಮ್ಮ, ಒಳಗ ಕುಂದ್ರಿ," ಎಂದು ಕರೆಯುತ್ತಿದ್ದಳು. "ನಂಗೇನೂ ಆಗಿಲ್ಲವ್ವ, ಇವ್ರಿಗೆ ಆಗೇತಿ," ಎಂದು ನಿನ್ನವ್ವ ಅಂದರೆ ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನತ್ತ ತಿರುಗುತ್ತಿದ್ದರು. ಬುಕ್ಕಸಾಗರದ ತಾಯಕ್ಕ ಎಂಬಾಕೆ ಮಾತ್ರ ಸರಿದು ಜಾಗ ಕೊಟ್ಟು, "ಕುಂದ್ರಪ್ಪ. ರೋಗಕ್ಕ ಹೆಣ್ಣು ಗಂಡು ಗೊತ್ತೈತೇನು," ಎಂದಳು. ಆವತ್ತು ತಲೆಯೆತ್ತಿ ಕೂತೆ.

ಈಗ ಅದು ಮಿದುಳಿಗೂ ಬೆನ್ನುಹುರಿಗೂ ಹಬ್ಬಿದೆ. ಅಕ್ಕಿ ಮಿಲ್ಲನ್ನು ನಿನ್ನ ಲಿಂಗರಾಜ್ ಕಾಕಾ ನೋಡಿಕೊಳ್ಳುತ್ತಾನೆ. ಎಡಗೈಯಲ್ಲಿ ಬಲವಿಲ್ಲ. ಪೂಜೆಯ ಹೊತ್ತಿಗೆ ಅಂಗೈಯ ಮೇಲೆ ಲಿಂಗ ನಿಲ್ಲದೆಂದು ನಿನ್ನವ್ವ ತನ್ನ ಅಂಗೈಯನ್ನು ನನ್ನದರ ಕೆಳಗೆ ಹಿಡಿಯುತ್ತಾಳೆ. "ಅಲುಗಾಡಬ್ಯಾಡ್ರಿ, ನಂಗೂ ಒಂದೀಟು ಪುಣ್ಯ ಬರ್ಲಿ," ಎನ್ನುತ್ತಾಳೆ. ಇಷ್ಟು ವರ್ಷ ಜಗಳವಾಡುತ್ತಲೇ ಇದ್ದೆವು, ಅವಳ ಕೈ ಇಷ್ಟು ಮೆತ್ತಗಿದೆ ಎಂದು ಗೊತ್ತೇ ಇರಲಿಲ್ಲ.

ಅಳಿಯಂದಿರಿಗೆ ನನ್ನ ಶರಣು ಹೇಳು. ನಿಮ್ಮ ಮನೆ ಹಾಲು ಉಕ್ಕಿದ ಹಾಗೆ ಇರಲಿ.

ನಿನ್ನ ಅಪ್ಪ,
ಶಂಭುಲಿಂಗ

ತಾ.ಕ.: ಹೇಳಬೇಕಾದ ಮಾತನ್ನು ಬರೆಯಲು ಇಷ್ಟು ಹೊತ್ತೂ ಧೈರ್ಯ ಬರಲಿಲ್ಲ. ಈ ರೋಗ ಕೆಲವರಲ್ಲಿ ಮಕ್ಕಳಿಗೂ ದಾಟುವುದಂತೆ. ನನ್ನದು ಆ ಜಾತಿಯದೇ ಎಂದು ಮೊನ್ನೆ ಡಾಕ್ಟರು ಹೇಳಿದರು. ನೀನು ರಕ್ತ ಪರೀಕ್ಷೆ ಮಾಡಿಸಲೇಬೇಕು, ನನ್ನ ಹಾಗೆ ನಾಚಬೇಡ. ನೀನು ಹುಟ್ಟಿದಾಗ ಎಲ್ಲರೂ, "ಕೂಸು ಥೇಟ್ ಅಪ್ಪನಂಗ ಐತಿ," ಎಂದಿದ್ದಕ್ಕೆ ಓಣಿಗೆಲ್ಲ ಪೇಡೆ ಹಂಚಿದ್ದೆ. ಈಗ ದಿನಾ ಬೇಡಿಕೊಳ್ಳುವುದು ಇಷ್ಟೇ: ನನ್ನದೇನೂ ನಿನಗೆ ಬಂದಿರದಿರಲಿ.