ಅಣ್ಣನ ದಪ್ಪ ಬೀಟ್‌ರೂಟ್

ಮಂಗಳವಾರ, ಫೆಬ್ರವರಿ ೧೧

ನಿದ್ದೆ ಎಲ್ಲಿಂದ ಬರಬೇಕು! ಅಣ್ಣನ ಹೊಲದ ಎರಡು ಮಡಿಗಳ (ಒಂದಕ್ಕೆ ಅವನು ಎಂದಿನಂತೆ ಸುರಿದ ಗೊಬ್ಬರ, ಇನ್ನೊಂದಕ್ಕೆ ಅದರ ಅರ್ಧ) ಬೀಟ್‌ರೂಟನ್ನು ಸಮತೂಕಕ್ಕೆ ಕತ್ತರಿಸಿ ಪ್ರಯೋಗಾಲಯದ ಓವನ್‌ನಲ್ಲಿ ಒಣಗಿಸಿದ್ದೆ. ಇವತ್ತು ತೂಗಿದರೆ, ಯಥೇಚ್ಛ ಯೂರಿಯಾ ಉಂಡ ದಪ್ಪ ಗೆಡ್ಡೆಗಳ ತಟ್ಟೆಯೇ ಹಗುರ! ತಟ್ಟೆ ಅದಲುಬದಲಾಗಿದೆ ಎಂದುಕೊಂಡು ಚೀಟಿಗಳನ್ನೇ ಬದಲಿಸಲು ಹೋದೆ. ಸಹೋದ್ಯೋಗಿ ಕೈ ಹಿಡಿದಳು: "ಚೀಟಿ ಸರಿಯಾಗೇ ಇದೆ ಕಣೇ, ನಿನ್ನ ತಲೆನೇ ಉಲ್ಟಾ!" ಉಳಿದ ತಟ್ಟೆಗಳನ್ನೂ ತೂಗಿದೆವು, ಅದೇ ಉತ್ತರ. ಪರೀಕ್ಷಿಸಿದರೆ ದಪ್ಪ ಗೆಡ್ಡೆಗಳಲ್ಲಿ ಸಕ್ಕರೆಯೂ ಕಮ್ಮಿ, ಯೂರಿಯಾದಿಂದ ಬರುವ ನೈಟ್ರೇಟ್ ಮಾತ್ರ ಜಾಸ್ತಿ. ಅರ್ಧ ಗೊಬ್ಬರದ ಪುಟಾಣಿಗಳೇ ಗಟ್ಟಿ! ನಾನು ಕುಣಿಯುವುದೊಂದು ಬಾಕಿ.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು, "ಹಾಗಾದ್ರೆ ಇಷ್ಟು ವರ್ಷ ನಾನು ನೀರು ಬೆಳೆದು ಮಾರಿದ್ನೇನೇ?" ಅಂದ.

ನಕ್ಕುಬಿಟ್ಟೆ. ಅವನು ನಗಲಿಲ್ಲ. "ನಾಳೆ ಬರ್ತೀನಿ. ತಟ್ಟೆ ಹಾಗೇ ಇಡು, ನಾನೇ ತೂಗಿ ನೋಡ್ಬೇಕು."

ತೂಗಲಿ! ಬೇಗ ಬೆಳಗಾಗಬಾರದೇ...